ಬಾಕಿ ಚಿಲ್ಲರೆ

ಆಯನೂರು ಗೇಟಿನಲ್ಲಿ ಕೈ ಅಡ್ಡ ಹಿಡಿದು ಹತ್ತಿದ.
ಕಂಕುಳಲ್ಲಿ ಹುಂಜ, ಅದರ ಕಾಲಿಗೆ ದಾರ, ಕಣ್ಣಲ್ಲಿ ಸೊಕ್ಕು.
ಎರಡು ವರ್ಷವಾಗಿತ್ತು ಮುಖ ನೋಡಿ.
'ಸ್ಟಾಫು' ಅಂದ, ಬಸ್ಸಿಗೆಲ್ಲ ಕೇಳುವ ಹಾಗೆ,
ಮೂರನೇ ಸೀಟಿನ ಹುಡುಗನನ್ನು ಎಬ್ಬಿಸಿ ಕೂತ.

ಸ್ಟಾಫೇ ಹೌದು ಒಂದು ಕಾಲಕ್ಕೆ.
ಇದೇ ರೂಟಿನಲ್ಲಿ ಹನ್ನೊಂದು ವರ್ಷ ಸ್ಟೇರಿಂಗ್ ಹಿಡಿದವನು,
ರಾತ್ರಿ ಹಾಲ್ಟ್ ಸಾಗರದಲ್ಲಿ ಅಂತ ಅಮ್ಮನಿಗೆ ಹೇಳಿ
ಕ್ಲೀನರ್ ಕೈಗೆ ಗಾಡಿ ಕೊಟ್ಟು
ಆನಂದಪುರದಲ್ಲೇ ಇಳಿದುಬಿಡುತ್ತಿದ್ದವನು.
ನನಗೆ ಗೊತ್ತಾದದ್ದು ಏಳನೇ ಕ್ಲಾಸಿನಲ್ಲಿ,
ಖೋಖೋ ಆಡಲು ಬಂದ ಅಲ್ಲಿಯ ಹುಡುಗಿಯೊಬ್ಬಳು
ಅವನ ಹಾಗೇ ಬಾಯಿ ಎಡಕ್ಕೆ ಸೊಟ್ಟ ಮಾಡಿ ನಕ್ಕಾಗ.

ಅಮ್ಮನಿಗೆ ಬರುತ್ತಿದ್ದದ್ದು ಒಂದೇ ಬೈಗಳು: ಫೋರ್‌ಟ್ವೆಂಟಿ.
ಬೈದು ಮುಗಿಸಿ, ಮೀನುಸಾರಿನ ತಲೆಭಾಗ
ಅವನಿಗೆಂದು ಮುಚ್ಚಿಡುವಳು.
ಬೆಳಿಗ್ಗೆ ಅದನ್ನು ನಾನು ತಿನ್ನುತ್ತಿದ್ದೆ.
ಹಿಂದಿನ ದಿನದ ಮೀನುಸಾರಿಗೆ ರುಚಿ ಜಾಸ್ತಿ.

ಕುಂಸಿ ದಾಟುವವರೆಗೆ ಹಿಂದಿನ ಸೀಟುಗಳಲ್ಲೇ ತಡ ಮಾಡಿದೆ.
ಆಮೇಲೆ ಹೋಗಿ ನಿಂತೆ. 'ಎಲ್ಲಿಗೆ?'
'ಎಲ್ಲಿಗೆ ಅಂತ ಗೊತ್ತಿಲ್ವೇನೋ ನಿಂಗೆ?'
ಒಂದು ಫುಲ್ಲು ಒತ್ತಿದೆ. ಹುಂಜಕ್ಕೊಂದು ಹಾಫು.
ಬಸ್ಸು ನಕ್ಕಿತು.
ಅನ್ಸರ್ ಮಾತ್ರ ಕನ್ನಡಿಯಲ್ಲಿ ನನ್ನನ್ನು ನೋಡಿ
ಗೇರು ಬದಲಿಸಿದ.

ಬನಿಯನ್ ಒಳಗಿಂದ ಐನೂರರ ನೋಟು ತೆಗೆದ,
ಬೆವರಿಗೆ ಮೆತ್ತಗಾದದ್ದು,
ಮೂಲೆಯಲ್ಲಿ ಕುಂಕುಮವೋ ಕೋಳಿಯ ನೆತ್ತರೋ ಒಂದು ಚುಕ್ಕಿ.
'ತಗೊಳ್ಳಿ, ಕಂಡಕ್ಟರ್ರೇ.'
ಆ 'ರೇ' ಚೋರಡಿ ಸೇತುವೆ ಕಳೆದರೂ ಕಿವಿಯಲ್ಲಿ ಇಳಿಯಲಿಲ್ಲ.

ಐನೂರರಲ್ಲಿ ಎಂಬತ್ತು ಹೋಗಿ ನಾನೂರಿಪ್ಪತ್ತು.
ಚಿಲ್ಲರೆ ಇರಲಿಲ್ಲ, ಟಿಕೇಟಿನ ಹಿಂದೆ ಬರೆದೆ.
ಬರೆದ ಮೇಲೆ ಕಂಡಿತು ಏನು ಬರೆದೆ ಎಂದು.
ಅವನು ಚೀಟಿಯನ್ನು ಕಣ್ಣಿಂದ ದೂರ ಹಿಡಿದು ಓದಿದ,
ಕನ್ನಡಕ ಮರೆತ ಮುದುಕರ ಹಾಗೆ
(ಯಾವಾಗ ಆಯಿತು ಇದು?)
ಓದಿ, ಬಾಯಿ ಎಡಕ್ಕೆ ಸೊಟ್ಟ ಮಾಡಿ,
ಹುಂಜದ ಕಾಲಿನ ದಾರಕ್ಕೆ ಸಿಕ್ಕಿಸಿದ.

ಆನಂದಪುರದಲ್ಲಿ ಇಳಿಯುವಾಗ ಎಡವಿದ. ರಟ್ಟೆ ಹಿಡಿದೆ.
ಇಷ್ಟೇನಾ ರಟ್ಟೆ.
'ರೈಟ್' ಅನ್ನುವುದು ಮರೆತೆ, ಅನ್ಸರ್ ಕಾದ.
ಬಾಕಿ ಅವನು ಕೇಳಲಿಲ್ಲ.
ಅಷ್ಟು ಹೊತ್ತಿಗೆ ನನ್ನ ಚೀಲದಲ್ಲಿ ಚಿಲ್ಲರೆ ಇತ್ತು.

ಇವತ್ತಿಗೆ ಹದಿನೆಂಟು ದಿನ.
ಆ ದುಡ್ಡು ಬೇರೆ ಇಟ್ಟಿದ್ದೇನೆ, ಎಡಜೇಬಿನಲ್ಲಿ, ರಬ್ಬರ್ ಹಾಕಿ.
ಅಮ್ಮನಿಗೆ ಹೇಳಿಲ್ಲ.
ಆ ಸ್ಟಾಪಿನಲ್ಲಿ ಕೆಳಗಿಳಿದು ಕೂಗುತ್ತೇನೆ,
ಬೇಕಾದದ್ದಕ್ಕಿಂತ ಒಂದು ಸಲ ಜಾಸ್ತಿ:
ಸಾಗರ, ಸಾಗರ,
ಸಾಗರ.