ಹೊಲಿಗೆ ಬಿಚ್ಚುವ ಮಂಗಳವಾರ

ಪಟ್ಟಿ ನನ್ನ ಕೈಗೆ ಬರುವುದು ಮಧ್ಯಾಹ್ನ ಒಂದಕ್ಕೆ,
ಕೆಲವೊಮ್ಮೆ ಹುಡುಗರಿಗೆ ತಿಳಿಯುವುದಕ್ಕೂ ಮೊದಲೇ.
ನಾನು ಇರ್ಮಾ ಸಾಬೋ. ಹನ್ನೆರಡು ವರ್ಷದಿಂದ
ಈ ಫುಟ್‌ಬಾಲ್ ತಂಡದ ಬೆನ್ನುಗಳಿಗೆ ಹೆಸರು ಹೊಲಿಯುವವಳು.
ಆಗಸ್ಟಿನ ಕೊನೆಯ ಮಂಗಳವಾರ ಮಾತ್ರ
ಬಿಚ್ಚುವವಳು.

ಇದ್ದವರು ತೊಂಬತ್ತು. ನಾಲ್ಕು ಗಂಟೆಯೊಳಗೆ ಐವತ್ತಮೂರು.
ಮೂವತ್ತೇಳು ಬೆನ್ನು ಬೋಳಾಗಬೇಕು.
ಮೇಲಿನ ಗಾಜಿನ ಕೋಣೆಯಲ್ಲಿ ಲೆಕ್ಕದವರು
ಬೆಳಗಿನಿಂದ ಕೂಡುತ್ತಿದ್ದಾರೆ, ಕಳೆಯುತ್ತಿದ್ದಾರೆ.
ಅವರಲ್ಲೊಂದು ಮಾತಿದೆ: ಸತ್ತ ಹಣ.
ಆಳನ್ನು ಕಳಿಸಿಯಾದ ಮೇಲೂ
ಅವನ ಹೆಸರಿನಲ್ಲಿ ಲೆಕ್ಕ ತಿನ್ನುತ್ತ ಕೂತಿರುವ ಹಣ.
ಅಂಥದ್ದು ಇದ್ದವನನ್ನು ಕಳಿಸುವುದು ಕಷ್ಟ;
ಮೊಣಕಾಲು ಸವೆದಿದ್ದರೂ, ಇರಲಿ ಇನ್ನೊಂದು ವರ್ಷ, ಅನ್ನುತ್ತಾರೆ.
ಲವೆಲ್ ಥ್ರ್ಯಾಶರನ ಹೆಸರಿನಲ್ಲಿ
ಸಾಯುವುದಕ್ಕೂ ಹಣವಿರಲಿಲ್ಲ.

ಮೂರು ವರ್ಷ, ಇಪ್ಪತ್ತೆಂಟು ಲಕ್ಷ ಡಾಲರು:
ಮಿಸಿಸಿಪ್ಪಿಯಲ್ಲಿ ಅವನ ಊರಿನ ಪತ್ರಿಕೆ
ಮುಖಪುಟದಲ್ಲಿ ಹಾಕಿತ್ತಂತೆ. ತಾಯಿ ಅದಕ್ಕೆ ಕಟ್ಟು ಹಾಕಿಸಿದಳಂತೆ.
ಖಾತರಿ ಎಷ್ಟೆಂದು ಪತ್ರಿಕೆ ಬರೆದಿರಲಿಲ್ಲ.
ಒಂದು ಹಳೇ ಪಿಕಪ್ ಗಾಡಿಯ ಬೆಲೆ.

ಬಕೈ ರೋಡಿನಲ್ಲಿ ಅಮ್ಮನ ಅಂಗಡಿ ಇದ್ದಾಗ
ನಾನು ಮದುವೆ ಗೌನು ಹೊಲಿಯುತ್ತಿದ್ದೆ.
ಒಳಗೆ ಎರಡಂಗುಲ ಬಿಟ್ಟು ಹೊಲಿಯೇ, ಅನ್ನುತ್ತಿದ್ದಳು,
ಹುಡುಗಿ ನಾಳೆ ದಪ್ಪಗಾದಾಳು, ಬಸುರಾದಾಳು,
ಬದುಕು ಯಾರ ಅಳತೆಗೂ ನಿಲ್ಲುವುದಿಲ್ಲ.
ಇವರ ಕರಾರು ಪತ್ರ ಒಮ್ಮೆ ನೋಡಿದ್ದೆ,
ಯಾರೋ ನನ್ನ ಮೇಜಿನ ಮೇಲೆ ಮರೆತು ಹೋಗಿದ್ದರು.
ಎಂಥ ಅಚ್ಚುಕಟ್ಟು ಕೆಲಸ!
ಬಿಟ್ಟ ಬಟ್ಟೆಯೆಲ್ಲ ಹೊಲಿಸಿದವರ ಕಡೆಗೆ,
ತೊಡುವವನ ಕಡೆಗೆ ಒಂದು ಎಳೆಯೂ ಇಲ್ಲ.

ಎರಡು ಗಂಟೆಗೆ ಅವನೇ ಇಳಿದು ಬಂದ.
ಕೈಯಲ್ಲಿ ಕಪ್ಪು ಕಸದ ಚೀಲ: ಬೂಟು, ಟೇಪಿನ ಸುರುಳಿ,
ಮಗಳು ಬಣ್ಣ ಹಚ್ಚಿಕೊಟ್ಟ ಒಂದು ಮೀನು.
ನನ್ನ ತೊಡೆಯ ಮೇಲೆ ನಲವತ್ತೆಂಟನೇ ನಂಬರಿನ ಅಂಗಿ,
ಅರ್ಧ ಹೆಸರು ಆಗಲೇ ಬಿಚ್ಚಿತ್ತು.
ಬಚ್ಚಿಡಲು ನೋಡಿದೆ. ಅಷ್ಟು ದೊಡ್ಡ ಅಂಗಿ ಎಲ್ಲಿ ಬಚ್ಚಿಡಲಿ?

ಮಿಸ್ ಇರ್ಮಾ, ಅಂದ,
ಇನ್ನು ಮೂರು ಆಟ ಆಡಿದ್ದರೆ ಪಿಂಚಣಿ ಪಕ್ಕಾ ಆಗುತ್ತಿತ್ತು.
ಬರೀ ಮೂರು.
ಬಸ್ಸಿನ ಹೊತ್ತು ಹೇಳುವವನ ಹಾಗೆ ಹೇಳಿದ.
ಆಮೇಲೆ ಸ್ಟೂಲು ಎಳೆದುಕೊಂಡು
ದಾರ ಬಿಚ್ಚುವ ಕೊಕ್ಕೆಗೆ ಕೈಚಾಚಿದ.
ಹೆಬ್ಬೆರಳು ಎರಡು ಸಲ ಮುರಿದು ಕೂಡಿದ್ದು, ಸೊಟ್ಟ.
ನಮ್ಮಜ್ಜಿ ಕೌದಿ ಹೊಲಿಯುತ್ತಿದ್ದಳು, ಅಂದ,
ನನಗೆ ಗೊತ್ತು ಈ ಕೆಲಸ.
ಗೊತ್ತಿತ್ತು, ಹೌದು.
ಉಳಿದ ನಾಲ್ಕು ಅಕ್ಷರವನ್ನೂ
ಬಟ್ಟೆಗೆ ನೋವಾಗದ ಹಾಗೆ ಬಿಡಿಸಿದ.
ಹೊರಗೆ ಸರೋವರದ ಗಾಳಿ ಕಿಟಕಿ ಬಡಿಯುತ್ತಿತ್ತು.
ಇಬ್ಬರೂ ಮಾತಾಡಲಿಲ್ಲ.

ಅಕ್ಷರಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತೇನೆ,
ಒಬ್ಬನವು ಇನ್ನೊಬ್ಬನಿಗೆ ಬರುತ್ತವೆ.
ಸಂಜೆ ಎಣಿಸಿದೆ: ಏಳು.
ಪುಸ್ತಕದಲ್ಲಿ ಎಂಟು ಎಂದು ಬರೆದೆ.

ಬುಧವಾರ ಬೇರೆ ತಂಡ ಬಿಟ್ಟವನೊಬ್ಬ
ಮಧ್ಯರಾತ್ರಿಯ ವಿಮಾನದಲ್ಲಿ ಬಂದಿಳಿದ.
ಅವನಿಗೂ ನಲವತ್ತೆಂಟೇ. ಹೆಸರು ಓರ್.
ಎಷ್ಟು ಚಿಕ್ಕದು! ಮೂರೇ ಅಕ್ಷರ,
ಅದರಲ್ಲಿ ಎರಡು ಥ್ರ್ಯಾಶರನವೇ.
ಹತ್ತು ನಿಮಿಷದಲ್ಲಿ ಹೊಲಿದು ಮುಗಿಸಿದೆ.

ಟೀವಿಯಲ್ಲಿ ಕಾಣುವುದಿಲ್ಲ.
ಹತ್ತಿರ ಹಿಡಿದರೆ
ಹೊಸ ಹೆಸರಿನ ಎಡಕ್ಕೂ ಬಲಕ್ಕೂ
ಸೂಜಿಯ ತೂತುಗಳು, ಸಾಲು ಸಾಲಾಗಿ,
ಇನ್ನೂ ಒಂದು ಹೆಸರನ್ನು ಓದುತ್ತಿರುತ್ತವೆ.
ಒಗೆದರೆ ಮುಚ್ಚಿಕೊಳ್ಳುತ್ತವೆ ಅನ್ನುತ್ತಾರೆ.
ಎರಡು ಸಲ ಒಗೆದೆ.