ಬಿಟ್ಟ ಸಾಲು

ಬಲಗೈ. ಅಂಗೈ ಮೇಲಕ್ಕೆ. ಅಲುಗಿಸಬೇಡಿ.
ಬೆಳಗಿನಿಂದ ಹದಿನಾರು ಸಲ ಹೇಳಿದ್ದನ್ನೇ ಹೇಳಿದೆ.
ಶಿವನಂಜಮ್ಮ ಕೈಯಿಟ್ಟು ನಕ್ಕಳು:
‘ಏನ್ ಮಗ, ಕಣಿ ಹೇಳ್ತೀಯಾ?’

ಕ್ಯಾಲಿಪರಿನ ಬಾಯಿ ತೆರೆದೆ.
ಅವಳ ತೋರುಬೆರಳಿಗೆ ತುದಿಯ ಗೆಣ್ಣೇ ಇಲ್ಲ.

‘ಪೀಣ್ಯದಲ್ಲಿ. ಕಟಿಂಗ್ ಮಿಷನ್ನು. ಯಾವ ಇಸವಿಯೋ,
ಫಿಲೋಮಿನಾನ ಕೇಳಬೇಕು.
ತುಂಡನ್ನ ಕರ್ಚೀಪಲ್ಲಿ ಕಟ್ಟಿಕೊಂಡು
ಆಟೋದಲ್ಲಿ ಅಳ್ತಾ ಬಂದೋಳು ಅವಳು, ನಾನಲ್ಲ.’

ಸಿದ್ಧಾಂತ ಹೀಗಿದೆ:
ತೋರುಬೆರಳನ್ನು ಉಂಗುರಬೆರಳಿನಿಂದ ಭಾಗಿಸು.
ಬಂದದ್ದು ಚಿಕ್ಕದಾದಷ್ಟೂ
ಬಸಿರಿನ ಕತ್ತಲಲ್ಲಿ ಯಾವುದೋ ಹಾರ್ಮೋನು
ಒಂದು ತೊಟ್ಟು ಹೆಚ್ಚಿಗೆ ಬಿದ್ದಿರಬಹುದು,
ಬಿದ್ದದ್ದರಿಂದ ಹೆಣ್ಣು ಹೆಣ್ಣಿನತ್ತ ವಾಲಿರಬಹುದು.
ಈ ‘ಬಹುದು’ಗಳ ಮೇಲೆ
ಮೂರು ವರ್ಷದ ಅನುದಾನ ನಿಂತಿದೆ,
ನನ್ನ ಸಂಬಳವೂ.

ಆ ಲೆಕ್ಕ ಹಿಡಿದರೆ
ಲಗ್ಗೆರೆಯ ಶಿವನಂಜಮ್ಮನಂಥವಳು
ಭೂಮಂಡಲದಲ್ಲೇ ಇನ್ನೊಬ್ಬಳಿಲ್ಲ.
ಪ್ರೊಫೆಸರ್ ಫೋನಿನಲ್ಲಿ ಅಂದರು: ಹೊರಗಿಡಿ.
ಎಡಗೈ ಇದೆಯಲ್ಲ ಸರ್?
ವಿಧಾನದಲ್ಲಿ ಬಲಗೈ ಅಂತಿದೆ.

ಐದು ಬೆರಳೂ ಒಂದೇ ಸಮ ಇರೋಲ್ಲ ಅಂತ
ಊರಿಗೇ ಗೊತ್ತಿದ್ದದ್ದನ್ನು
ದಶಮಾಂಶದ ಮೂರನೇ ಸ್ಥಾನದವರೆಗೆ
ಸಾಧಿಸುತ್ತ ಕೂತಿದ್ದೆವು ಯಶವಂತಪುರದಲ್ಲಿ.

ಹೊರಗಿಟ್ಟ ಮೇಲೂ ಫಾರಂ ತುಂಬಿಸಿದೆ, ಯಾಕೋ.
‘ಕಳೆದ ಹನ್ನೆರಡು ತಿಂಗಳಲ್ಲಿ ಸ್ತ್ರೀಯರ ಕಡೆಗೆ
ನಿಮಗುಂಟಾದ ಆಕರ್ಷಣೆಯ ಪ್ರಮಾಣ,
ಸೊನ್ನೆಯಿಂದ ಆರರೊಳಗೆ?’
ಆಕರ್ಷಣೆ ಅಂದ್ರೆ, ಅವಳು ಕೇಳಿದಳು,
ಮರದಿಂದ ಹಣ್ಣು ಬೀಳ್ತದಲ್ಲ, ಅದಾ?
ಹೂಂ ಅಂದೆ. ಅದೇ ಇರಬೇಕು.
‘ಸ್ತ್ರೀಯರ ಕಡೆಗೆ ಏನಿಲ್ಲ ಕಣವ್ವ. ಫಿಲೋಮಿನಾ ಕಡೆಗೆ.
ಹತ್ತೊಂಬತ್ತು ವರ್ಷ ಆಯ್ತು.
ಆರರ ಮೇಲೆ ನಂಬರಿಲ್ವಾ?’

ಇಲ್ಲೊಂದು ಮಾತು ಮೊದಲೇ ಹೇಳಬೇಕಿತ್ತು.
ಇಂದಿರಾನಗರದ ಕೆಫೆಯ ಇಂಗ್ಲಿಷ್ ಪೋಸ್ಟರ್ ನೋಡಿ
ಬಂದ ‘ಅಂಥವರ’ ಪಟ್ಟಿ ಹೋದ ವಾರವೇ ಮುಗಿದಿತ್ತು.
ಇವತ್ತಿನದು ಹೋಲಿಕೆಗೆ ಬೇಕಾದ ಸಾಮಾನ್ಯ ಹೆಂಗಸರ ಪಟ್ಟಿ.
ನೆಲ ಒರೆಸುವ ಗಂಗಹನುಮಕ್ಕನ ಪಕ್ಕದ ಮನೆಯವಳು ಇವಳು,
ಇನ್ನೂರು ರೂಪಾಯಿ ಕೊಡ್ತಾರಂತೆ ಅಂತ ಬಂದವಳು.
ಇವಳಿಗಿಂತ ಮುಂಚಿನ ಹದಿನಾರು ಮಂದಿ
ಸೊನ್ನೆಗೆ ಗುರುತು ಹಾಕುವಾಗ
ಯಾರ ಪೆನ್ನು ಒಂದು ಗಳಿಗೆ ತಡೆಯಿತೋ
ಅದಕ್ಕೆ ಕಾಲಂ ಇರಲಿಲ್ಲ.

ಹಳೆಯ ಪ್ರಬಂಧಗಳನ್ನೂ ತಿರುವಿದ್ದೇನೆ.
ಗಂಡಸರ ಅಳತೆಗೆ ಕತ್ತರಿಸಿದ ಬಟ್ಟೆ,
ಮಿಕ್ಕ ಚೂರಿನಲ್ಲಿ ನಮ್ಮದು:
‘ಸ್ತ್ರೀಯರಲ್ಲಿ ಫಲಿತಾಂಶ ಅಸ್ಪಷ್ಟ.’

ನಮ್ಮದು ಅಂದೆನಲ್ಲ.
ಒಂದು ಸಂಜೆ ಎಲ್ಲರೂ ಹೋದ ಮೇಲೆ
ನನ್ನ ಬೆರಳನ್ನೂ ಅಳೆದುಕೊಂಡಿದ್ದೆ.
ಒಂದು ಬಿಂದು ಸೊನ್ನೆ ಒಂದು.
ಅದರ ಪ್ರಕಾರ
ಬಸವೇಶ್ವರನಗರದ ಮಹಡಿ ಮನೆಯಲ್ಲಿ
ದೋಸೆ ಹಿಟ್ಟಿಗೆ ಉಪ್ಪು ಹಾಕಿ ನನ್ನನ್ನು ಕಾಯುತ್ತಿದ್ದ ತನುಜಾ
ನನಗೆ ಏನೂ ಆಗಬಾರದು.
ಮನೆಗೆ ಹೋದೆ. ಹಿಟ್ಟು ಉಕ್ಕಿ
ಪಾತ್ರೆ ದಾಟಿತ್ತು.

ಹದಿನೇಳನೇ ಸಾಲನ್ನು ಅಳಿಸಲಿಲ್ಲ, ಮಡಚಿಟ್ಟೆ.
ಪರದೆಯಲ್ಲಿ ಹದಿನಾರಾದ ಮೇಲೆ ಹದಿನೆಂಟು,
ನಡುವೆ ಕೂದಲೆಳೆಯಷ್ಟು ಗೆರೆ.

ಗೇಟಿನ ತನಕ ಜೊತೆಗೆ ಹೋದೆ.
‘ಅಲ್ಲ ಮಗ, ಇದು ಯಾಕೆ ಹಿಂಗೆ ಅಂತ
ನಿಮಗೆ ಸಿಕ್ಕೇಬಿಡ್ತು ಅನ್ಕೋ.
ಆಮೇಲೆ ಅದನ್ನ ಯಾರ ಕೈಗೆ ಕೊಡ್ತೀರಾ?’

ಲಗ್ಗೆರೆ ಬೋರ್ಡಿನ ಬಸ್ಸು ಬಂತು.
ಇನ್ನೂರರ ನೋಟು ರವಿಕೆಗೆ ಸಿಕ್ಕಿಸಿ,
ಮೋಟು ಬೆರಳಿನ ಕೈಯಲ್ಲೇ ಕಂಬಿ ಹಿಡಿದು
ಹತ್ತಿದಳು. ಅಲ್ಲಿಂದ ಕೂಗಿದಳು:
‘ಕೇಳಿ ಫೋನ್ ಮಾಡ್ತೀನಿ, ಆ ಇಸವಿ!’