ಗಂಟೆ ಕಟ್ಟಿದ ಓಮ್ನಿ

ಎತ್ತು ಸತ್ತ ಮೇಲೆ ಅದರ ಕೊರಳ ಗಂಟೆಯನ್ನು
ಅಪ್ಪ ಓಮ್ನಿಯ ಕನ್ನಡಿಗೆ ಕಟ್ಟಿದ.
ಪಾವಗಡದ ಒಂದೊಂದು ಹಂಪ್ಸಿಗೂ ಅದು ಸುಳ್ಳು ಹೇಳುತ್ತದೆ:
ಎತ್ತು ಬಂತು, ಎತ್ತು ಬಂತು.

ನಾವು ಹೆಳವರು. ಕಾಲು ನೆಟ್ಟಗಿದ್ದರೂ
ಕಂಬಳಿ ಹೊದ್ದು ಎತ್ತಿನ ಮೇಲೆ
ಕಾಲಿಲ್ಲದವರಂತೆ ಕೂತು ಬಂದವರು.
ಈಗಲೂ ಅಪ್ಪ ಮೊಣಕಾಲ ಮೇಲೊಂದು ಟವಲು ಎಳೆದುಕೊಳ್ಳುತ್ತಾನೆ.
ಕ್ಲಚ್ ಒತ್ತುವವನು ನಾನು.

ತಿರುಮಣಿ ದಾಟಿದರೆ ಹೊಲವಿಲ್ಲ, ಗಾಜು.
ದಿಣ್ಣೆಯಿಂದ ದಿಣ್ಣೆಗೆ ನೀಲಿ ಗಾಜು, ತಂತಿಬೇಲಿ.
ಸೆಕ್ಯೂರಿಟಿಯವನು ನಂಬರ್ ಪ್ಲೇಟಿನ ಫೋಟೋ ಹೊಡೆದು
'ಏ ಊರು?' ಅಂದ, ತೆಲುಗಿನಲ್ಲಿ.
ಅಪ್ಪ ತಿರುಗಿ ಅವನೂರು ಕೇಳಿದ, ಬೆಡಗು ಕೇಳಿದ,
ಅವನ ತಾತನ ತಾತನ ಹೆಸರು ಹೇಳಿದ.
ನಮ್ಮೂರು ಯಾವುದೆಂದು ಹೇಳದೆಯೇ
ಗೇಟು ದಾಟಿದೆವು.

ಪಾತಲಿಂಗಪ್ಪನವರ ಜಗಲಿ. ಹೊತ್ತಿಗೆ ಬಿಚ್ಚಿದ.
ಓದು ಬಾರದವನಿಗೆ ಅದು ಬರೀ ಮಣೆ;
ಬರೆದವನು ನಾನು, ಬಾಯಲ್ಲಿರುವುದು ಅವನದು:

ಉಂಡೆತ್ತಿನೋರ ಬೆಡಗಿನಾಗೆ ಕರೇತಿಮ್ಮ
ಕರೇತಿಮ್ಮನ ಹೊಟ್ಟೇಲಿ ಚಿಕ್ಕಪಾತ ದೊಡ್ಡಪಾತ
ದೊಡ್ಡಪಾತ ಗುಳೆ ಹೋದ, ಗುಳೆಯಿಂದ ಬಂದ
ಕೋಡುಗಲ್ಲಿನ ಮೂಡಲಿಗೆ ಮೂರು ಖಂಡುಗದ ಹೊಲ ಹಿಡಿದ

'ಆ ಕಲ್ಲು ಎಲ್ಲೈತೆ ಈಗ?' ಯಾರೋ ನಕ್ಕರು.
ಅಪ್ಪ ಬೆರಳು ತೋರಿಸಿದ.
ತೋರಿಸಿದ ಕಡೆಯಿಂದ ಬಿಸಿಲು ಬಂದು ಕಣ್ಣಿಗೆ ಹೊಡೆಯಿತು.

ಒಳಗಿಂದ ಬಂದವಳು, ಕಿವಿಯಿಂದ ವೈರು ತೆಗೆದು,
'ನಾನೆಲ್ಲಿದೀನಿ ಇದರಲ್ಲಿ?'
ಹೆಣ್ಣುಮಕ್ಕಳ ಹೆಸರು ಬರೆಯೋದು ನಮ್ಮಲ್ಲಿಲ್ಲ ತಾಯಿ.
'ಸೋಲಾರಿನೋರು ಬರಕೊಂಡವರೆ.
ಗುತ್ತಿಗೆ ಪತ್ರದಲ್ಲಿ ನಂದೂ ಸೈನ್ ಐತೆ.'

ಅಪ್ಪ ನನ್ನ ಕಡೆ ನೋಡಲಿಲ್ಲ.
ಎಲೆಯಡಿಕೆ ಸಂಚಿ ಹುಡುಕುವವನಂತೆ ಹೊರಳಿ ಕೂತ,
ತುಂಬಾ ಹೊತ್ತು ಹುಡುಕಿದ.
ಸಂಚಿ ಅವನ ತೊಡೆಯ ಮೇಲೇ ಇತ್ತು.
ನಾನು ಪೆನ್ನು ತೆಗೆದೆ: ಭಾರ್ಗವಿ.

ಕರು ಕೊಡುತ್ತಿದ್ದ ಮನೆ. ಸ್ಕ್ಯಾನರ್ ಇದೆಯಾ ಅಂದರು. ಇತ್ತು.

ವಾಪಸು ದಾರಿಯಲ್ಲಿ ಅಪ್ಪ ಆ ಹೆಸರನ್ನು
ಗಂಟೆಯ ಜೊತೆಗೆ ಕೂರಿಸಿ ನೋಡುತ್ತಿದ್ದ.
ಪಾತಲಿಂಗನ ಹೊಟ್ಟೇಲಿ ಭಾರ್ಗವಿ. ಧಾಟಿ ಮುಗ್ಗರಿಸಿತು.
ಪಾತಲಿಂಗನ ಹೊಟ್ಟೇಲಿ... ಮತ್ತೆ.
ನಾಗಲಮಡಿಕೆಯ ಹತ್ತಿರ, ಯಾವುದೋ ಹಂಪ್ಸಿನ ಮೇಲೆ,
ಭಾರ್ಗವಿ ಬರಬೇಕಾದ ಜಾಗದಲ್ಲಿ
ಮಾರಕ್ಕ, ಅಂದ.

ಅವ್ವನ ಹೆಸರು. ಅವಳು ಹೋದ ಮೇಲೆ
ಅವನ ಬಾಯಲ್ಲಿ ಕೇಳಿರಲಿಲ್ಲ.
ನಾನು ಗೇರ್ ಬದಲಿಸಿದೆ.